ದೊಡ್ಡಮ್ಮನ ಚಾಕು

ಸವಳಂಗದ ಸುತ್ತಮುತ್ತ ಬಿತ್ತನೆ ಆಲೂಗಡ್ಡೆ ಹೋಳು ಮಾಡಲು ಎಲ್ಲರೂ ಕರೆಯುತ್ತಿದ್ದುದು ದುರ್ಗಾಂಬಿಕಾಳ ದೊಡ್ಡಮ್ಮ ಅಂತರಘಟ್ಟಮ್ಮನನ್ನೇ. ಪ್ರತಿ ಹೋಳಿನಲ್ಲೂ ಮೊಳಕೆಯೊಡೆಯುವ ಕಣ್ಣು ಉಳಿಯುವಂತೆ ಕೊಯ್ಯುವ ಕೈ ಅವಳದು. ಆದರೆ ಈ ಮುಂಗಾರಿನಲ್ಲಿ ಅವಳು ಪಕ್ಕದ ಮನೆಯ ಮಾಲಾಳಿಗೆ ಕೊಯ್ದುಕೊಟ್ಟ ಬೀಜವೆಲ್ಲ ಮೊಳೆಯದೆ ಮಣ್ಣಲ್ಲೇ ಕೊಳೆತುಹೋಯಿತು.

ಕೃಷಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ದುರ್ಗಾಂಬಿಕಾ ಊರಿಗೆ ಬಂದವಳೇ ಬೀಜ ಕೊಳೆತದ್ದೇಕೆಂದು ಪರೀಕ್ಷೆ ಮಾಡಲು ಕೂತಳು. ದೊಡ್ಡಮ್ಮನ ಚಾಕುವಿನಿಂದ ಕೊಳೆತ ಗಡ್ಡೆಯೊಂದನ್ನು ಕೊಯ್ದು, ಚಾಕುವನ್ನು ಬರೀ ಬಟ್ಟೆಯಲ್ಲಿ ಒರೆಸಿ ಒಳ್ಳೆಯ ಗಡ್ಡೆಗಳನ್ನು ಕೊಯ್ದಳು. ಮತ್ತೆ ಕೊಳೆತದ್ದನ್ನು ಕೊಯ್ದು, ಈ ಸಲ ಚಾಕುವನ್ನು ರೋಗಾಣು ಸಾಯಲೆಂದು ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಅದ್ದಿಟ್ಟು ಬೇರೆ ಗಡ್ಡೆಗಳನ್ನು ಕೊಯ್ದಳು. ಎರಡು ಸಲದ ಹೋಳುಗಳನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಮುಚ್ಚಿಟ್ಟಳು.

ವಾರದ ಮೇಲೆ ತೆರೆದಾಗ ಬ್ಲೀಚಿಂಗ್ ಡಬ್ಬಿಯ ಹೋಳುಗಳು ಗಟ್ಟಿಯಾಗಿಯೇ ಇದ್ದವು. ಇನ್ನೊಂದರಲ್ಲಿ ಬರೀ ಲೋಳೆ, ತಡೆಯಲಾರದ ನಾತ. ಪರೀಕ್ಷೆ ಫಲ ಕೊಟ್ಟಿತ್ತು, ಆದರೂ ದುರ್ಗಾಂಬಿಕಾಳಿಗೆ ಪಕ್ಕದಲ್ಲಿದ್ದ ದೊಡ್ಡಮ್ಮನತ್ತ ತಲೆ ಎತ್ತಲಾಗಲಿಲ್ಲ.

"ಹಂಗಾದ್ರೆ ರೋಗ ನನ್ನ ಚಾಕುವಿನಿಂದ್ಲೇ ಹಬ್ಬೈತೇನೇ?" ದೊಡ್ಡಮ್ಮ ಕೇಳಿದಳು.

"ಒಂದು ಗಡ್ಡೆಯೊಳಗೆ ಮೊದ್ಲೇ ಇತ್ತು ದೊಡ್ಡಮ್ಮ. ಅದು ನಿನಗೆ ಹೆಂಗೆ ಗೊತ್ತಾಗಬೇಕು?"

"ಹಬ್ಬಿಸಿದ್ದು ನಾನೇ ತಾನೇ?"

ದುರ್ಗಾಂಬಿಕಾ ಲೋಳೆಯ ಡಬ್ಬಿಗೆ ಮುಚ್ಚಳ ಹಾಕಿದಳು.

ಅಂತರಘಟ್ಟಮ್ಮ ಎದ್ದು ನೇರ ಮಾಲಾಳ ಮನೆಗೆ ನಡೆದಳು. ದುರ್ಗಾಂಬಿಕಾ ಹಿಂದೆಯೇ ಓಡಿದಳು. ದೊಡ್ಡಮ್ಮ ಅಂಗಳದಲ್ಲಿ ನಿಂತು ಒಂದನ್ನೂ ಮುಚ್ಚಿಡದೆ ಹೇಳಿದಳು. ಮಾಲಾ ಬೈಯಲಿಲ್ಲ. "ಆತು ಬಿಡಕ್ಕ" ಎಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುಂದಿನ ಬಿತ್ತನೆಗೆ ದುರ್ಗಾಂಬಿಕಾ ಮನೆಮನೆಗೆ ಹೋಗಿ ಬ್ಲೀಚಿಂಗ್ ನೀರು ಕಲಸುವುದನ್ನು ತೋರಿಸಿಕೊಟ್ಟಳು. ಎಲ್ಲರೂ ಅದರಲ್ಲಿ ಚಾಕು ಅದ್ದಿ ತಾವೇ ಹೋಳು ಮಾಡಿಕೊಂಡರು. ಅಂತರಘಟ್ಟಮ್ಮನನ್ನು ಮಾತ್ರ ಯಾರೂ ಕರೆಯಲಿಲ್ಲ.