ಬರೆದು ಅಳಿಸಿದ ಮಾತು

ಪುಸ್ತಕ ಕಟ್ಟುವ ಕೆಲಸದಲ್ಲೇ ತಲೆ ನೆರೆಸಿಕೊಂಡ ಮೇಸ್ತ್ರಿಗೆ ಮಗಳ ಮೇಲೆ ಸಂಶಯ ಹುಟ್ಟಿದ್ದು ದಿನಕ್ಕೊಂದು ಗಂಟೆಯ ವಿಷಯದಲ್ಲಿ. ಸಂಜೆ ಐದಕ್ಕೆ ಅವರು ಸೂಜಿ ಕೆಳಗಿಟ್ಟು ಎದ್ದರೆ, "ನೀನು ನಡಿ ಅಪ್ಪಾ, ನಾನು ಕಸ ಗುಡಿಸಿ ಬೀಗ ಹಾಕ್ಕೊಂಡು ಬರ್ತೀನಿ" ಅನ್ನುತ್ತಿದ್ದಳು. ಇದ್ದದ್ದು ಎರಡು ಕೋಣೆಯ ಕಾರ್ಖಾನೆ. ಗುಡಿಸಲು ಹತ್ತು ನಿಮಿಷ ಧಾರಾಳವಾಯಿತು. ಅವಳು ಮನೆ ಸೇರುತ್ತಿದ್ದದ್ದು ಆರು ಕಳೆದ ಮೇಲೆ. ಬಂದವಳು ಫೋನನ್ನು ಮಗುಚಿ ಇಡುತ್ತಿದ್ದಳು. ಅದು ಟಿಣ್ ಎಂದರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಇಪ್ಪತ್ತನಾಲ್ಕರ ಮಗಳನ್ನು ಇಂಥದ್ದನ್ನೆಲ್ಲ ಹೇಗೆ ಕೇಳಬೇಕೆಂಬುದು ಆಕೆಗೆ ಗೊತ್ತಿದ್ದ ವಿದ್ಯೆ. ಆಕೆಯೊಂದಿಗೇ ಹೋಯಿತು.

ತಮ್ಮ ಫೋನಿನ ಒಡೆದ ಗಾಜು ಬದಲಾಯಿಸಲು ಹೋದಾಗ ಅಂಗಡಿಯವನ ಹತ್ತಿರ ಮಾತು ಜಾರಿತು.

"ಅಷ್ಟೇ ತಾನೆ ಯಜಮಾನ್ರೇ? ಒಂದು ಆ್ಯಪ್ ಇದೆ. ಹಾಕಿ ಮರೆತುಬಿಡಿ. ಅವರಿಗೆ ಬಂದಿದ್ದು, ಅವರು ಕಳಿಸಿದ್ದು, ಬರೆದು ಅಳಿಸಿದ್ದೂ ಕೂಡ ನಿಮ್ಮ ಫೋನಿಗೆ ಬಂದು ಬೀಳುತ್ತೆ. ಅಳಿಸಿದ್ದು ಮಾಸಲು ಬಣ್ಣದಲ್ಲಿ ಕಾಣುತ್ತೆ."

"ಆ ಮಾತುಕತೆಗೆಲ್ಲ ಬೀಗ ಇರುತ್ತಂತಲ್ಲಪ್ಪಾ? ಕಂಪನಿಯವರಿಗೂ ಓದೋಕಾಗಲ್ಲ ಅಂತಾರೆ."

"ಬೀಗ ಇರೋದು ದಾರೀಲಿ. ಇದು ದಾರಿಗೆ ಹೋಗೋದೇ ಇಲ್ಲ. ಪರದೆ ಮೇಲೆ ಏನು ಕಾಣುತ್ತೋ, ಬೆರಳು ಯಾವ ಅಕ್ಷರ ಒತ್ತುತ್ತೋ, ಅಲ್ಲೇ ಕೂತು ನಕಲು ಮಾಡುತ್ತೆ. ಲಕೋಟೆಗೆ ನೀವು ಎಷ್ಟು ಅಂಟು ಬಳಿದ್ರೇನು, ಬರೆಯೋವಾಗಲೇ ಬೆನ್ನ ಹಿಂದೆ ಒಬ್ಬ ನಿಂತಿದ್ರೆ?" ಅವನು ನಕ್ಕ. "ನಮ್ಮಾಕೆಗೆ ಮಾತ್ರ ಹೇಳ್ಬೇಡಿ. ಮೊದಲು ನನ್ನ ಫೋನಿಗೇ ಹಾಕಿಸ್ತಾಳೆ!"

ಮರುದಿನ ಮಗಳು ಸ್ನಾನಕ್ಕೆ ಹೋದಾಗ ಮೇಸ್ತ್ರಿ ಅವಳ ಫೋನು ತೆಗೆದುಕೊಂಡರು. ಅದನ್ನು ತೆರೆಯುವ ನಾಲ್ಕು ಅಂಕೆ ಅವಳ ತಾಯಿ ಹುಟ್ಟಿದ ವರ್ಷ. ಅಂಗಡಿಯವನು ಹೇಳಿಕೊಟ್ಟಂತೆ ಒಂದೊಂದಾಗಿ ಒತ್ತಿದರು. ಸಂದೇಶ ಓದಲೇ, ಪರದೆ ನೋಡಲೇ, ಒತ್ತುವ ಅಕ್ಷರ ಗಮನಿಸಲೇ, ಸದಾ ಚಾಲೂ ಇರಲೇ ಎಂದು ಅದು ನಾಲ್ಕು ಸಲ ಅನುಮತಿ ಕೇಳಿತು. ನಾಲ್ಕು ಸಲವೂ ಮಗಳ ಪರವಾಗಿ ತಂದೆಯೇ ಹೂಂ ಅಂದರು. ಕೊನೆಗೆ ಅದು 'ಬ್ಯಾಟರಿ ಆರೈಕೆ' ಎಂಬ ಸಾಧು ಹೆಸರಿಟ್ಟುಕೊಂಡು ಮೂಲೆ ಸೇರಿತು. ಆಮೇಲೆ ದೇವರ ಮುಂದೆ ಕೂತು, ಪಾಪ ಬಂದರೆ ನನಗೆ ಬರಲಿ, ಅವಳು ದಾರಿ ತಪ್ಪದಿದ್ದರೆ ಸಾಕು ಎಂದು ಬೇಡಿಕೊಂಡರು.

ಮೊದಲ ದಿನ ಬಂದದ್ದರಲ್ಲಿ ಯಾವ ಗಂಡಸೂ ಇರಲಿಲ್ಲ. ಇದ್ದವಳು ತೀರಿಕೊಂಡ ಹೆಂಡತಿಯ ತಂಗಿ, ಮಗಳಿಗೆ ಚಿಕ್ಕಮ್ಮ. ಮಧ್ಯಾಹ್ನ ರಟ್ಟಿನ ರಾಶಿಯ ಹಿಂದೆ ನಿಂತು ಮೇಸ್ತ್ರಿ ಓದಿದರು.

"ನಿನ್ನೆ ಮೂರು ಪುಸ್ತಕ ಬಿಚ್ಚಿ ಮತ್ತೆ ಹೊಲಿದೆ ಚಿಕ್ಕಮ್ಮಾ. ಅಪ್ಪನ ಕೈ ಜಾಸ್ತಿ ನಡುಗ್ತಿದೆ. ಸೂಜಿ ಹಾಳೆ ಮಧ್ಯಕ್ಕೆ ಬೀಳ್ತಾನೇ ಇಲ್ಲ."

"ಭಾವನಿಗೆ ಹೇಳಿಬಿಡೇ. ನೀನೆಷ್ಟು ದಿನ ಅಂತ ಬಿಚ್ಕೊಂಡು ಕೂತಿರ್ತೀಯಾ?"

"ಹೇಳಿದ್ರೆ ಕೈ ಚೆಲ್ಲಿ ಕೂತುಬಿಡ್ತಾನೆ. ಅಮ್ಮ ಹೋದ ಮೇಲೆ ಅವನಿಗೆ ಇರೋದು ಅದೊಂದೇ."

ಮೇಸ್ತ್ರಿ ಫೋನನ್ನು ಜೇಬಿಗಿಟ್ಟು, ಒತ್ತುಯಂತ್ರದಡಿಯಿಂದ ಹಿಂದಿನ ದಿನ ತಾವು ಕಟ್ಟಿದ್ದ ದಾಖಲೆ ಪುಸ್ತಕವೊಂದನ್ನು ಎಳೆದು ಬೆನ್ನು ನೋಡಿದರು. ಹೊಲಿಗೆ ದಾರ ಹಿಡಿದು ಎಳೆದ ಗೆರೆಯಂತಿತ್ತು. ಕೊನೆಯ ಗಂಟು ಒಳಮುಖವಾಗಿತ್ತು. ಅವರು ಯಾವಾಗಲೂ ಗಂಟು ಹಾಕುತ್ತಿದ್ದದ್ದು ಹೊರಗೆ. ಒಳಗೆ ಮುಚ್ಚಿಡುವುದು ಮಗಳ ಕೈ. ಇನ್ನೆರಡು ಪುಸ್ತಕ ಎಳೆದು ನೋಡಿದರು. ಅವೂ ಹಾಗೆಯೇ. ಗ್ರಂಥಾಲಯದವರು ಕಳೆದ ತಿಂಗಳು "ಮೇಸ್ತ್ರೀ, ನಿಮ್ಮ ಕೈಗೆ ವಯಸ್ಸೇ ಆಗಲ್ಲ" ಎಂದಿದ್ದಾಗ ಎದೆಯುಬ್ಬಿಸಿ ನಿಂತದ್ದು ನೆನಪಾಗಿ ಕಿವಿಯೆಲ್ಲ ಬಿಸಿಯಾಯಿತು.

ಅಂದೇ ಆ್ಯಪನ್ನು ಕಿತ್ತು ಹಾಕಬಹುದಿತ್ತು. ಕಿತ್ತು ಹಾಕಲಿಲ್ಲ. ಮಗಳ ಕಣ್ಣಿನಲ್ಲಿ ತಾವು ಹೇಗಿದ್ದೇವೆಂದು ತಿಳಿಯುವ ಚಟ ಹತ್ತಿತು. ಪ್ರತಿ ಸಂಜೆ ಐದಕ್ಕೆ ಏನೂ ತಿಳಿಯದವರಂತೆ ಎದ್ದು ಹೋಗುವುದು, ಬೆಳಿಗ್ಗೆ ಬಂದು ಮಗಳು ಹೊಲಿದದ್ದನ್ನು ತಮ್ಮದೇ ಎಂಬಂತೆ ತಿರುಗಿಸಿ ನೋಡುವುದು. ದೇವರೆದುರು ದೀಪ ಹಚ್ಚಿದವರು ಬೇಗನೆ ಎದ್ದುಬಿಡುತ್ತಿದ್ದರು. ಎಲ್ಲವನ್ನೂ ನೋಡುವವನು ನೋಡಿ ಸುಮ್ಮನಿರುತ್ತಾನೆ. ಅಷ್ಟು ದೊಡ್ಡ ಹೊಟ್ಟೆ ಮನುಷ್ಯನಿಗಿಲ್ಲ.

ಎರಡು ವಾರ ಕಳೆದ ಮೇಲೆ, ಒಂದು ಬುಧವಾರ, ಬೇರೆಯದೇ ಸುದ್ದಿ ಬಂತು. ದೂರದ ಊರಿನ ದೊಡ್ಡ ಗ್ರಂಥಾಲಯವೊಂದು ಹಳೆಯ ಕಾಗದಪತ್ರಗಳನ್ನು ಉಳಿಸುವ ಕೆಲಸ ಕಲಿಸಲು ಎರಡು ವರ್ಷಕ್ಕೆ ಅವಳನ್ನು ಆರಿಸಿತ್ತು.

"ಶುಕ್ರವಾರದೊಳಗೆ ಉತ್ತರ ಕೊಡ್ಬೇಕು. ಆಗಲ್ಲ ಅಂತ ಬರೀತೀನಿ ಚಿಕ್ಕಮ್ಮಾ."

"ಹುಚ್ಚಿ! ಅಷ್ಟು ಜನರಲ್ಲಿ ನಿನ್ನ ಆರಿಸಿದ್ದಾರೆ ಕಣೇ."

ಅದರ ಕೆಳಗೆ ಸಣ್ಣ, ಮಾಸಲು ಅಕ್ಷರದಲ್ಲಿ ಹೀಗಿತ್ತು: "ತುಂಬಾ ಆಸೆ ಇದೆ. ಅಪ್ಪ ಒಂದು ಸಲ ಹೋಗು ಅಂದ್ರೆ ಓಡಿ ಹೋಗ್ತೀನಿ. ಹೀಗೆ ಅಂದ್ಕೊಳ್ಳೋಕೇ ಪಾಪ ಅನ್ಸುತ್ತೆ." ಅದರ ಕೆಳಗೆ ದಪ್ಪಕ್ಷರದಲ್ಲಿ: "ನಂಗೇನು ಅಷ್ಟು ಆಸೆ ಇಲ್ಲ ಬಿಡು. ನಾನು ಹೋದ್ರೆ ಇಲ್ಲಿ ಬಿಚ್ಚಿ ಹೊಲಿಯೋರ್ಯಾರು?"

ಮಾಸಲು ಬಣ್ಣ ಅಂದರೆ ಬರೆದು, ಕಳಿಸದೆ ಅಳಿಸಿದ್ದು ಎಂದು ಅಂಗಡಿಯವನು ಹೇಳಿದ್ದು ಮೇಸ್ತ್ರಿಗೆ ಆಗ ಹೊಳೆಯಲಿಲ್ಲ. ಕಣ್ಣು ತುಂಬಿಕೊಂಡಿತ್ತು. ಇವಳನ್ನು ಕಳಿಸಲೇಬೇಕು ಎಂಬುದೊಂದೇ ತಲೆಯಲ್ಲಿ ಕೂತಿತು.

ಗುರುವಾರ ಬೆಳಿಗ್ಗೆ ಮಗಳು ರಟ್ಟಿಗೆ ಹೊದಿಸುವ ಕ್ಯಾಲಿಕೊ ಬಟ್ಟೆಗೆ ಅಂಟು ಬಳಿಯುತ್ತಿದ್ದಾಗ ಶುರು ಮಾಡಿದರು.

"ಪುಟ್ಟೀ, ಆ ಗ್ರಂಥಾಲಯದ ವಿಷಯ... ನಿನ್ನ ಚಿಕ್ಕಮ್ಮ ಹೇಳಿದ್ಲು."

ಮಗಳು ತಲೆ ಚಚ್ಚಿಕೊಂಡಳು. "ಅವಳ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ ನೋಡು. ನಾನು ಹೋಗ್ತಿಲ್ಲ ಅಪ್ಪಾ. ಮುಗೀತು."

"ಯಾಕೆ ಹೋಗಲ್ಲ? ನನ್ನನ್ನೇನು ಹದ್ದು ಕಚ್ಕೊಂಡು ಹೋಗುತ್ತಾ?"

"ಅನ್ನಕ್ಕೆ ನೀರೆಷ್ಟು ಇಡ್ಬೇಕು ಅಂತ ಗೊತ್ತಾ ನಿನಗೆ?"

"ಕಲೀತೀನಿ."

"ಕಲೀತಾನಂತೆ! ಬಿಡಪ್ಪಾ, ನಂಗೂ ಆಸೆ ಇಲ್ಲ."

"ಸುಳ್ಳು ಹೇಳ್ಬೇಡ. ಅಪ್ಪ ಒಂದು ಸಲ ಹೋಗು ಅಂದ್ರೆ ಓಡಿ ಹೋಗ್ತೀನಿ ಅಂತ ನೀನೇ ಹೇಳಿದೀಯಲ್ಲ. ಇಗೋ, ನಾನೇ ಅಂತಿದೀನಿ. ಹೋಗು."

ಮಗಳ ಕೈಯ ಕುಂಚ ನಿಂತಿತು. ಅಂಟು ಒಂದೇ ಕಡೆ ಸುರಿದು ಬಟ್ಟೆ ತೊಯ್ಯಿತು.

"ಅದನ್ನ ನಾನು ಚಿಕ್ಕಮ್ಮನಿಗೂ ಹೇಳಿಲ್ಲ," ಅಂದಳು ಮೆಲ್ಲಗೆ. "ಬರೆದೆ. ಕಳಿಸೋ ಮೊದಲು ಅಳಿಸಿದೆ. ಅದು ನಿನಗೆ ಹೇಗೆ ಗೊತ್ತು?"

ಮೇಸ್ತ್ರಿ ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟರು. ಅವಳು ಕೈ ಒರೆಸಿಕೊಂಡು ಎತ್ತಿಕೊಂಡಳು. ಮೇಲಕ್ಕೆ ಮೇಲಕ್ಕೆ ಸರಿಸುತ್ತಾ ತನ್ನದೇ ಮಾತುಗಳನ್ನು ಬಹಳ ಹೊತ್ತು ಓದಿದಳು.

"ಎಷ್ಟು ದಿನದಿಂದ?"

"ಹದಿನಾರು."

"ಅಂದ್ರೆ ನಾನು ಬಿಚ್ಚಿ ಹೊಲೀತಿರೋದು ಗೊತ್ತಿತ್ತು."

"ಹೂಂ."

"ಗೊತ್ತಿದ್ದೂ ನೀನು ದಿನಾ ಐದಕ್ಕೆ ಎದ್ದು ಹೋಗ್ತಿದ್ದೆ."

"ಹೆದರಿಕೆಗೆ ಮಾಡಿದೆ ಮಗಳೇ. ಕೇಳೋಕೆ ಬಾಯಿ ಬರಲಿಲ್ಲ. ಕೇಳಿದ್ರೆ ನೀನಾದ್ರೂ ನಿಜ ಹೇಳ್ತಿದ್ಯಾ?"

ಅವಳು ಯೋಚಿಸಿದಳು. "ಇಲ್ಲ. ಸುಳ್ಳೇ ಹೇಳ್ತಿದ್ದೆ. ಆದ್ರೆ ಆ ಸುಳ್ಳು ನನ್ನದಾಗಿರ್ತಿತ್ತು." ಫೋನನ್ನು ಅವರತ್ತ ತಳ್ಳಿದಳು. "ಹೋಗ್ತೀನಿ. ನೀವು ಹೋಗು ಅಂದ್ರಿ ಅಂತ ಅಲ್ಲ. ಇನ್ನು ಇಲ್ಲಿ ಮನಸ್ಸಲ್ಲಿ ಏನಾದ್ರೂ ಅಂದ್ಕೊಳ್ಳೋಕೂ ಜಾಗ ಇಲ್ಲ."

ಹುಟ್ಟಿದಾಗಿನಿಂದ ನೀನು ಅನ್ನುತ್ತಿದ್ದವಳು ನೀವು ಅಂದಳು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಭಾನುವಾರ ಬಸ್ಸು ಹತ್ತಿದಳು. ಅದಕ್ಕೆ ಮುಂಚೆ ಮೂರು ದಿನವೂ ಅಡಿಗೆ ಮಾಡಿದಳು, ಬಡಿಸಿದಳು, ಅನ್ನಕ್ಕೆ ನೀರು ಎಷ್ಟೆಂದು ಲೋಟ ಹಿಡಿದು ತೋರಿಸಿಕೊಟ್ಟಳು. ಬೇರೆ ಮಾತಿಲ್ಲ. ನಿಲ್ದಾಣದಲ್ಲಿ ಮೇಸ್ತ್ರಿ, "ತಲುಪಿದ ಮೇಲೆ ತಿಳಿಸ್ತೀಯಾ?" ಎಂದು ಕೇಳಿದರು.

"ಚಿಕ್ಕಮ್ಮನಿಗೆ ತಿಳಿಸ್ತೀನಿ," ಅಂದಳು.

ಮೇಸ್ತ್ರಿ ಗಿರಾಕಿಗಳ ಪುಸ್ತಕಗಳನ್ನು ಒಂದೊಂದಾಗಿ ಹಿಂದಕ್ಕೆ ಕೊಟ್ಟರು. ಕೈಯಲ್ಲಿ ಆಗುವುದಿಲ್ಲ ಎಂದು ತಮ್ಮ ಬಾಯಿಂದಲೇ ಹೇಳಿದರು. ಕೆಲವರು ಅಯ್ಯೋ ಅಂದರು, ಕೆಲವರು ಬೇರೆ ಯಾರ ಹತ್ತಿರ ಕೊಡಲಿ ಎಂದು ಕೇಳಿದರು.

ತಿಂಗಳ ಮೇಲೆ ನಾದಿನಿ ಫೋನು ಮಾಡಿದಳು. "ಭಾವ, ಪುಟ್ಟಿ ಬರೆದಿದ್ದಾಳೆ. ತುಂಬ ಉದ್ದ ಬರೆದಿದ್ದಾಳೆ."

ಮೇಸ್ತ್ರಿ ಗೋಡೆಗೆ ಒರಗಿ ನಿಂತರು. ಏನು ಬರೆದಿದ್ದಾಳೆ ಎಂಬುದು ತುಟಿಯವರೆಗೆ ಬಂದಿತ್ತು.

"ಚೆನ್ನಾಗಿದ್ದಾಳಾ?" ಅಂದರು. "ಅಷ್ಟೇ ಹೇಳಮ್ಮಾ. ಮಿಕ್ಕಿದ್ದು ಬೇಡ."

ಆ ಕಡೆ ನಾದಿನಿ ಒಂದು ಕ್ಷಣ ತಡೆದಳು.

"ಚೆನ್ನಾಗಿದ್ದಾಳೆ ಭಾವ."

"ಸರಿ," ಅಂದರು ಮೇಸ್ತ್ರಿ. ಆ ತಡೆದ ಕ್ಷಣದಲ್ಲಿ ಏನಿತ್ತೆಂದು ಅವರು ಕೇಳಲಿಲ್ಲ.