ತಟ್ಟೆ ಓದುವ ಕಲ್ಮೇಶರು

ಕಲ್ಮೇಶರು ಗಿರಾಕಿಗಳ ಮುಖ ನೋಡುವವರಲ್ಲ, ಅವರು ಎದ್ದುಹೋದ ಮೇಲೆ ಮೇಜಿನ ಮೇಲೆ ಉಳಿದ ತಟ್ಟೆ ನೋಡುವವರು. ಟೆಕ್ಸಸ್ಸಿನ ಲೂಯಿಸ್‌ವಿಲ್‌ನ ಹಳೆಯ ಪೇಟೆಯ ಮೂಲೆಯಲ್ಲಿ, ಟೈರಿನ ಅಂಗಡಿಗೂ ಲಾಂಡ್ರಿಗೂ ನಡುವೆ ಇಕ್ಕಟ್ಟಾಗಿ ನಿಂತ ಅವರ ಡೈನರಿನಲ್ಲಿ, ಆ ಪುಟ್ಟ ತಿಂಡಿ ಹೋಟೆಲಿನಲ್ಲಿ, ಬಡಿಸುವ ಹುಡುಗಿ ಎಂಜಲು ತಟ್ಟೆಗಳನ್ನು ತೋಳಿನ ಮೇಲೆ ಪೇರಿಸಿಕೊಂಡು ಒಳಗೆ ಹೊರಟಳೆಂದರೆ ಸಾಕು, ಇವರು ಗಲ್ಲಾದ ಹಿಂದಿನಿಂದ ಎದ್ದು, ಎಡಗಾಲನ್ನು ತುಸು ಹೊರಗೆ ಎಸೆಯುವ ತಮ್ಮ ನಡಿಗೆಯಲ್ಲಿ ಅಡ್ಡ ಬಂದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಂದೊಂದು ತಟ್ಟೆಯನ್ನೂ ಪರೀಕ್ಷಿಸುತ್ತಿದ್ದರು. ಮೊಟ್ಟೆಯ ಹಳದಿಯನ್ನು ಬ್ರೆಡ್ಡಿನಿಂದ ಒರೆಸಿ ತಿಂದಿದ್ದಾರೋ, ಆಲೂಗಡ್ಡೆ ಮಿಕ್ಕಿದೆಯೋ, ಎಲ್ಲಕ್ಕಿಂತ ಮುಖ್ಯವಾಗಿ ಹ್ಯಾಮ್ ಮಿಕ್ಕಿದೆಯೋ. ಹ್ಯಾಮ್ ಎಂದರೆ ಉಪ್ಪು ತಿಕ್ಕಿ ತಿಂಗಳುಗಟ್ಟಲೆ ತೂಗುಹಾಕಿ ಒಣಗಿಸಿದ ಹಂದಿಯ ತೊಡೆ. ಆ ಡೈನರು ಸುತ್ತ ಮೂವತ್ತು ಮೈಲಿಗೆ ಹೆಸರಾದದ್ದೇ ಅದರಿಂದ. ಅದನ್ನು ದಿನಾ ನೂರು ಮಂದಿಗೆ ಬಡಿಸುತ್ತಿದ್ದ ಕಲ್ಮೇಶರು ಜನ್ಮದಲ್ಲಿ ಅದರ ಒಂದು ಎಳೆಯನ್ನೂ ನಾಲಿಗೆಗೆ ಸೋಕಿಸಿದವರಲ್ಲ. ಗದಗಿನ ಲಿಂಗವಂತ ಮನೆತನ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅಂಗಿಯೊಳಗೆ ಎದೆಯ ಮೇಲೆ ಲಿಂಗ. ಮಧ್ಯಾಹ್ನದ ಹೊತ್ತಿಗೆ ಹಿಂಬದಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಉಣ್ಣುತ್ತಿದ್ದರು.

ನಾನು ಅಲ್ಲಿಗೆ ಮೊದಲು ಹೋದದ್ದು 2013ರ ಒಂದು ಚಳಿಯ ಬೆಳಿಗ್ಗೆ. ಲೂಯಿಸ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿನಿಂದ ಲಾಸ್ ಕೊಲಿನಾಸ್‌ನ ಆಫೀಸಿಗೆ ಡ್ರೈವ್ ಮಾಡುವಾಗ ತುಸು ಬಳಸಿದರೆ ಈ ಡೈನರು ಸಿಗುತ್ತಿತ್ತು. ಮನೆಯಲ್ಲಿ ನನ್ನ ಹೆಂಡತಿ ಕುಮುದಾ ಮೊಟ್ಟೆಯ ನೆರಳೂ ಬೀಳದಂತೆ ಅಡುಗೆಮನೆಯನ್ನು ಕಾಪಾಡಿಕೊಂಡಿದ್ದಳು. ನಾನೋ ಆಫೀಸಿನ ಪಾರ್ಟಿಗಳಲ್ಲಿ ಎಂದೋ ಜಾರಿದವನು. ಅವಳ ಜೊತೆ ಫೋನಿನಲ್ಲಿ ಮಾತಾಡುತ್ತಲೇ ಒಳಗೆ ಹೋಗಿ, ಫೋನ್ ಜೇಬಿಗಿಳಿಸಿ, ಹ್ಯಾಮ್ ಹೇಳೋಣವೆಂದು ತಲೆಯೆತ್ತಿದರೆ ಎದುರಿಗೆ ವಿಭೂತಿಯ ಹಣೆ! ಗಾಬರಿಬಿದ್ದು ಬರೀ ಟೋಸ್ಟ್ ಎಂದುಬಿಟ್ಟೆ.

"ಯಾವೂರ್ರಿ ನಿಮ್ಮದು?"

"ಮೈಸೂರು."

"ಅದಕ್ಕ! ಮೈಸೂರಿನ ಮಂದಿಗೆ ದಾಕ್ಷಿಣ್ಯ ಭಾಳ. ಹ್ಯಾಮ್ ಅನ್ನಾಕ ಬಾಯಿ ತಗದ್ರಿ, ಟೋಸ್ಟ್ ಅಂದ್ರಿ. ತಿನ್ರಿ ಸುಮ್ಮನ, ನಾ ನಿಮ್ಮ ಮನ್ಯಾಗ ಹೇಳಂಗಿಲ್ಲ. ಹೌದಿಲ್ಲೋ?"

ಈ 'ಹೌದಿಲ್ಲೋ' ಅವರ ಪ್ರತಿ ಮಾತಿನ ಬಾಲ. ಇಂಗ್ಲಿಷಿಗೂ ಅದನ್ನೇ ಅಂಟಿಸುತ್ತಿದ್ದರು. 'ಕಾಫಿ ಈಸ್ ಹಾಟ್, ಹೌದಿಲ್ಲೋ?' ಎಂದು ಛಾವಣಿ ಹೊದಿಸುವ ಕೂಲಿಗಳನ್ನೂ ಶಾಲಾಬಸ್ಸಿನ ಡ್ರೈವರಮ್ಮನನ್ನೂ ಕೇಳಿದರೆ ಅವರು ಅರ್ಥವಾದವರಂತೆ ತಲೆಯಾಡಿಸುತ್ತಿದ್ದರು. ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಹ್ಯಾಮ್ ಬೇಯಿಸುತ್ತಿದ್ದ ವರ್ನಾ ಎಂಬ ದಪ್ಪ ಕನ್ನಡಕದ ಮುದುಕಿಯಂತೂ ಅದನ್ನು ಕಲಿತೇಬಿಟ್ಟು, ಒಳಗಿನಿಂದ 'ಆರ್ಡರ್ ರೆಡಿ, ಹೌಡಿಲೋ!' ಎಂದು ಕೂಗುತ್ತಿದ್ದಳು.

ಕಲ್ಮೇಶರೂ ಒಂದು ಕಾಲಕ್ಕೆ ಲಾಸ್ ಕೊಲಿನಾಸ್‌ನಲ್ಲಿ ನನ್ನ ಹಾಗೆಯೇ ಕೊರಳಿಗೆ ಬ್ಯಾಡ್ಜ್ ನೇತುಹಾಕಿಕೊಂಡು ತಿರುಗಿದವರು. 2009ರಲ್ಲಿ ಕೆಲಸ ಹೋಯಿತು. ಪಕ್ಕದ ಊರು ಕಾಪೆಲ್‌ನ ತಮ್ಮ ಮನೆಯಲ್ಲಿ ಹಗಲೆಲ್ಲ ಕೂತರೆ ಹೆಂಡತಿ ಜಯದೇವಿಯ ಮುಖ ನೋಡಲಾಗದೆ, ಇಂಟರ್ವ್ಯೂಗೆಂದು ಹೊಲಿಸಿದ್ದ ಕಪ್ಪು ಕೋಟು ತೊಟ್ಟು ದಿನಾ ಈ ಡೈನರಿಗೆ ಬಂದು, ಒಂದು ಕಾಫಿ ಇಟ್ಟುಕೊಂಡು ನಾಲ್ಕು ತಾಸು ಕೂರುತ್ತಿದ್ದರಂತೆ. ಆಗಿನ ಮಾಲೀಕ ಆರ್ವಿಲ್ ಎಂಬ ಮುದುಕ ಹನ್ನೊಂದು ತಿಂಗಳಲ್ಲಿ ಒಂದು ದಿನವೂ ಎದ್ದೇಳು ಎನ್ನಲಿಲ್ಲ. ಖಾಲಿಯಾದ ಲೋಟಕ್ಕೆ ಕೇಳದೆಯೇ ಕಾಫಿ ಸುರಿದು ಹೋಗುತ್ತಿದ್ದ. ಆರ್ವಿಲ್‌ಗೆ ಕೈಲಾಗದೆ ಡೈನರು ಮಾರಾಟಕ್ಕೆ ಬಂದಾಗ ಕಲ್ಮೇಶರು ಹಿಂದುಮುಂದು ನೋಡದೆ ಕೊಂಡರು. ಬೋರ್ಡು ಬದಲಿಸಲಿಲ್ಲ, ಬೆಲೆ ಏರಿಸಲಿಲ್ಲ, ಕೂತವರನ್ನು ಏಳಿಸಲಿಲ್ಲ. ಫೋನಿನಲ್ಲಿ ಯಾರಾದರೂ 'ಆರ್ವಿಲ್ ಇದ್ದಾನಾ?' ಎಂದರೆ ತಡಮಾಡದೆ 'ಸ್ಪೀಕಿಂಗ್' ಎನ್ನುತ್ತಿದ್ದರು. ಕಪ್ಪು ಕೋಟು ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಆರೋಗ್ಯ ಇಲಾಖೆಯ ತಪಾಸಣೆಯವರು ಬಂದಾಗ ಮಾತ್ರ ಅದನ್ನು ಏಪ್ರನ್ನಿನ ಮೇಲೆಯೇ ತೊಟ್ಟು ಸೆಟೆದು ನಿಲ್ಲುತ್ತಿದ್ದರು.

ಆ ಜಾಗದ ಆಕರ್ಷಣೆ ಏನೆಂದು ಕೇಳಿದರೆ ನನಗೆ ಹೇಳಲು ಬಾರದು. ನಲ್ಲಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು, ಕುರ್ಚಿಯ ರೆಕ್ಸಿನ್ ಹರಿದು ಟೇಪು ಅಂಟಿಸಿಕೊಂಡಿತ್ತು. ಆದರೂ ಆಸ್ಟಿನ್‌ಗೆ ಶಿಫ್ಟ್ ಆದ ಒಬ್ಬ ಮೇಷ್ಟ್ರು ತಿಂಗಳಿಗೊಂದು ಶನಿವಾರ ಮೂರು ತಾಸು ಡ್ರೈವ್ ಮಾಡಿ ಬರುತ್ತಿದ್ದರು. ಹ್ಯೂಸ್ಟನ್ ದಾರಿಯ ಲಾರಿ ಚಾಲಕನೊಬ್ಬ ಅದಕ್ಕಾಗಿಯೇ ಹೆದ್ದಾರಿ ಬಿಟ್ಟು ಒಳಗೆ ಇಳಿಯುತ್ತಿದ್ದ. ನಾನಂತೂ ವಾರಕ್ಕೆರಡು ಬೆಳಿಗ್ಗೆ ಕುಮುದಾಗೆ 'ಅರ್ಲಿ ಮೀಟಿಂಗ್' ಎಂದು ಸುಳ್ಳು ಹೇಳಿ ಹೋಗುತ್ತಿದ್ದೆ. ನನಗೆ ಆ ಡೈನರಿನ ಮೇಲೆ ಪ್ರೀತಿಯೇ ಹುಟ್ಟಿತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕಾಪೆಲ್‌ನ ನಮ್ಮವರ ಹಬ್ಬದೂಟಗಳಲ್ಲಿ ಪಿಸುಮಾತು ಇದ್ದೇ ಇತ್ತು: ಲಿಂಗ ಕಟ್ಟಿಕೊಂಡು ಹಂದಿ ಮಾರುತ್ತಾನಂತೆ. ಒಮ್ಮೆ ಜಯಂತ ಎಂಬ ಗೆಳೆಯ ಹೋಳಿಗೆ ಮುರಿಯುತ್ತ ಎದುರಿಗೇ ಕೇಳಿಬಿಟ್ಟ. ಕಲ್ಮೇಶರು ಅಳುಕಲಿಲ್ಲ.

"ಬಳಿಗಾರ ಊರಿಗೆಲ್ಲ ಬಳಿ ಮಾರತಾನ. ತಾನು ಇಟ್ಕೋತಾನೇನ್ರಿ? ಹಸದು ಬಂದವರಿಗೆ ಅವರಿಗೆ ಬೇಕಾದ್ದು ಹಾಕತೀನಿ. ನನಗ ಬೇಕಾದ್ದು ನಾ ಉಣ್ತೀನಿ. ಹೌದಿಲ್ಲೋ?"

ಇಂಥ ಗಟ್ಟಿ ಮನುಷ್ಯನಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಭಯ, ತಾಯಿಯದು. ಮಲ್ಲವ್ವ ಗದಗಿನ ಬಸ್‌ಸ್ಟ್ಯಾಂಡಿನ ಹತ್ತಿರ ಮೂವತ್ತು ವರ್ಷ ಖಾನಾವಳಿ ನಡೆಸಿದ ಹೆಂಗಸು. ಉಂಡವರ ತಟ್ಟೆ ನೋಡುವ ವಿದ್ಯೆ ಮಗನಿಗೆ ಬಂದದ್ದು ಅವರಿಂದಲೇ. ಆಕೆಗೆ ಮಗ ಫೋನಿನಲ್ಲಿ 'ನಾನೂ ಖಾನಾವಳಿ ಇಟ್ಟೀನಿ ಅವ್ವಾ' ಎಂದು ಹೇಳಿದ್ದರು; ಏನು ಬಡಿಸುತ್ತೇನೆಂದು ಹೇಳಿರಲಿಲ್ಲ. 'ಸುಳ್ಳಲ್ರಿ ಅದು, ಪೂರ್ತಿ ಹೇಳಿಲ್ಲ ಅಷ್ಟ' ಎಂದು ನನ್ನ ಬಳಿ ಹೇಳುವಾಗ ಮಾತ್ರ ಅವರ ದನಿ ಇಳಿಯುತ್ತಿತ್ತು.

2016ರ ವಸಂತದಲ್ಲಿ ಎರಡು ತಾಪತ್ರಯ ಒಟ್ಟಿಗೆ ಬಂದವು. ವರ್ನಾ ಸೊಂಟದ ಆಪರೇಷನ್ ಮಾಡಿಸಿಕೊಂಡು ಲಬ್ಬಕ್‌ನಲ್ಲಿರುವ ಮಗಳ ಮನೆಗೆ ಹೋದಳು, ಹೋದವಳು ಕೆಲಸಕ್ಕೆ ಮರಳುವ ಹಾಗಿರಲಿಲ್ಲ. ಮಲ್ಲವ್ವ ನಾಲ್ಕು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದರು. ವರ್ನಾಳ ಜಾಗಕ್ಕೆ ಬಂದ ಹೊಸ ಅಡುಗೆಯವನು ಕೈ ಚುರುಕಿನವನೇ. ವರ್ನಾ ಮಾಡುವುದನ್ನೆಲ್ಲ ಕಲ್ಮೇಶರು ವರ್ಷಾನುಗಟ್ಟಲೆ ಪಕ್ಕದಲ್ಲೇ ನಿಂತು ನೋಡಿ, ಎಷ್ಟು ಬೆಲ್ಲದ ಪಾಕ, ಎಷ್ಟು ಸಾಸಿವೆ, ಎಷ್ಟು ಹೊತ್ತು ಒಲೆಯಲ್ಲಿ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅವನು ಅದನ್ನು ಅಕ್ಷರ ತಪ್ಪದೆ ಪಾಲಿಸಿದ. ಆದರೆ ತಟ್ಟೆಗಳಲ್ಲಿ ಹ್ಯಾಮ್ ಮಿಕ್ಕತೊಡಗಿತು. ಮೊದಲು ಅಂಚು, ಆಮೇಲೆ ಅರ್ಧ.

ಕಲ್ಮೇಶರು ಒಬ್ಬೊಬ್ಬರನ್ನೂ ಕೇಳಿದರು. ಟೆಕ್ಸಸ್ಸಿನ ಜನ ಸೌಜನ್ಯದಲ್ಲಿ ಯಾರಿಗೂ ಕಡಿಮೆಯಿಲ್ಲ. ಕಲ್ಮೇಶರನ್ನು ಕ್ಯಾಲ್ ಎಂದೇ ಕರೆಯುತ್ತಿದ್ದ ಅವರೆಲ್ಲರೂ 'ಬಹಳ ಚೆನ್ನಾಗಿದೆ, ಕ್ಯಾಲ್' ಎಂದು ಹೊಟ್ಟೆ ಸವರಿಕೊಂಡು ಎದ್ದುಹೋದರು, ಮಾರನೆಯ ವಾರ ಬರಲಿಲ್ಲ. ಆಸ್ಟಿನ್‌ನ ಮೇಷ್ಟ್ರು ಒಂದು ತಿಂಗಳು ತಪ್ಪಿಸಿದರು. ಆರು ವಾರದಲ್ಲಿ ಕುರ್ಚಿಗಳು ಅರ್ಧ ಖಾಲಿಯಾದವು. ಹೊಸ ಅಡುಗೆಯವನೇ 'ನೀವೇ ಒಂದು ತುಂಡು ರುಚಿ ನೋಡಿಬಿಡಿ' ಎಂದ. ಡೈನರು ಮುಚ್ಚಬೇಕಾಗಿ ಬಂದರೂ ಅದೊಂದು ಆಗುವ ಮಾತಲ್ಲ ಎಂದರು ಕಲ್ಮೇಶರು. ಕೊನೆಗೆ ನನ್ನ ಎದುರು ಬಂದು ಕೂತರು.

"ನನಗ ನಾಲಿಗಿ ಇಲ್ಲ, ನಿಮ್ಮ ನಾಲಿಗಿ ಕೊಡ್ರಿ. ಖರೇ ಹೇಳ್ರಿ, ಏನಾಗೇತಿ ಹ್ಯಾಮಿಗೆ?"

ನನಗೆ ಗೊತ್ತಿತ್ತು. ಉಪ್ಪು, ಕಡು ಉಪ್ಪು. ಎರಡು ತುತ್ತಿಗೆ ಬಾಯಿ ಒಣಗುತ್ತಿತ್ತು. ಆದರೆ ಆ ಮುಖದ ಎದುರು ಕೂತು, ನಿಮ್ಮ ಅಂಗಡಿಯ ಪದಾರ್ಥ ಕೆಟ್ಟಿದೆ ಎನ್ನಲು ನನ್ನ ಹಾಳು ದಾಕ್ಷಿಣ್ಯ ಬಿಡಲಿಲ್ಲ. "ಚೆನ್ನಾಗೇ ಇದೆಯಲ್ಲ ಸಾರ್, ಏನೂ ವ್ಯತ್ಯಾಸ ಇಲ್ಲ," ಎಂದುಬಿಟ್ಟೆ. ಅವರು ನನ್ನ ತಟ್ಟೆ ಒಮ್ಮೆ ನೋಡಿ, ಎದ್ದು ಹೋದರು. ಅವತ್ತು ಇಡೀ ದಿನ ನನಗೆ ನನ್ನ ಮೇಲೆಯೇ ಅಸಹ್ಯವಾಗಿತ್ತು.

ಮೇ ತಿಂಗಳ ಒಂದು ಶನಿವಾರ, ನಾನು ಅಲ್ಲಿದ್ದಾಗಲೇ, ಬಾಗಿಲು ತೆರೆದು ಜಯದೇವಿ, ಅವರ ಹಿಂದೆ ಮಗಳು ಶೀತಲ್, ಅವಳ ಕೈ ಹಿಡಿದು ಇಳಕಲ್ ಸೀರೆಯ ಮಲ್ಲವ್ವ ಒಳಗೆ ಬಂದರು. ಮಗನ ಖಾನಾವಳಿ ನೋಡದೆ ವಿಮಾನ ಹತ್ತುವುದಿಲ್ಲವೆಂದು ಹಟ ಹಿಡಿದಿದ್ದರಂತೆ. 'ಅಜ್ಜಿ, ದಿಸ್ ಈಸ್ ಇಟ್!' ಎಂದು ಶೀತಲ್ ಕೂಗಿದಳು. ಕಲ್ಮೇಶರು ಓಡಿಹೋಗಿ ಮೊಳೆಯಿಂದ ಕಪ್ಪು ಕೋಟು ತೆಗೆದು ಏಪ್ರನ್ನಿನ ಮೇಲೆಯೇ ತೊಟ್ಟುಕೊಂಡರು. ನಗು ಬರಬೇಕಿತ್ತು, ಬರಲಿಲ್ಲ.

ಮಲ್ಲವ್ವ ಮೂಲೆಯಲ್ಲಿ, ನನ್ನ ಪಕ್ಕದ ಮೇಜಿನಲ್ಲಿ ಸೆರಗು ಹೊದ್ದು ಕೂತರು. ಅಲ್ಲಿನ ಲೋಟ ಮುಟ್ಟಲಿಲ್ಲ, ತಮ್ಮ ಚೀಲದಲ್ಲಿದ್ದ ನೀರನ್ನೇ ಕುಡಿದರು. ಸುತ್ತ ಕಣ್ಣಾಡಿಸಿ ಮಗನನ್ನು ಕರೆದರು.

"ಆ ಮಂದಿ ತಟ್ಟ್ಯಾಗ ಏನದು, ಕೆಂಪಂದು?"

ಕುಂಬಳಕಾಯಿ ಎನ್ನಬಹುದಿತ್ತು, ಗಜ್ಜರಿ ಎನ್ನಬಹುದಿತ್ತು. ಆಕೆ ಅಡುಗೆಮನೆಗೆ ಹೋಗಿ ನೋಡುವವರಲ್ಲ.

"ಹಂದಿ, ಅವ್ವಾ," ಎಂದರು ಕಲ್ಮೇಶರು. ಆ ಮಾತಿಗೆ ಬಾಲ ಇರಲಿಲ್ಲ.

ಮಲ್ಲವ್ವ ಬೈಯಲಿಲ್ಲ, ಏಳಲೂ ಇಲ್ಲ. ಒಂದು ತಾಸಿಗೂ ಮೇಲ್ಪಟ್ಟು ಹಾಗೆಯೇ ಕೂತು ಬರುವವರನ್ನೂ ಹೋಗುವವರನ್ನೂ ನೋಡುತ್ತಿದ್ದರು. ಮನೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರು. ಎರಡು ದಿನ ಮಗನ ಜೊತೆ ಮಾತಿಲ್ಲ. ಆ ಎರಡು ದಿನ ಕಲ್ಮೇಶರು ಗಲ್ಲಾದ ಹಿಂದೆ ಮಂಕಾಗಿ ಕೂತಿದ್ದರು, ತಟ್ಟೆಗಳು ಹಾಗೆಯೇ ದಾಟಿ ಹೋಗುತ್ತಿದ್ದವು. ಡೈನರು ಮಾರಿಬಿಡುತ್ತೇನೆ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಆಗ ಮಾತ್ರ.

ಮೂರನೆಯ ಬೆಳಿಗ್ಗೆ ಮಲ್ಲವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, ಹೇಳಿದರಂತೆ:

"ನಿನ್ನ ಮಂದಿ ನೀರು ಭಾಳ ಕುಡೀತಾರ. ಆ ಹುಡುಗಿ ಒಂದ ಮೇಜಿಗೆ ಐದು ಸಲ ನೀರು ತಂದಳು. ಉಪ್ಪು ನೋಡು. ತಟ್ಟಿ ಒಂದ ಅಲ್ಲ, ತಂಬಿಗೀನೂ ನೋಡಬೇಕಂತ ಎಷ್ಟು ಸಲ ಹೇಳೀನಿ ನಿನಗ!"

ಕಲ್ಮೇಶರು ಮೇ ತಿಂಗಳ ಬಿಸಿಲಿಗೆ ಜನ ನೀರು ಕುಡಿಯುತ್ತಾರೆ ಎಂದುಕೊಂಡಿದ್ದರು. ರೊಟ್ಟಿ ಅರ್ಧಕ್ಕೇ ಬಿಟ್ಟು ಲಬ್ಬಕ್‌ಗೆ ಫೋನ್ ಮಾಡಿದರು. ಉಪ್ಪು ಎಂಬ ಮಾತು ಕೇಳಿದ್ದೇ ವರ್ನಾ 'ಅಯ್ಯೋ ಮಗನೇ, ನೆನೆಹಾಕುವುದನ್ನು ನಾನು ಹೇಳಲೇ ಇಲ್ಲವೇ?' ಎಂದು ಪೇಚಾಡಿಕೊಂಡಳಂತೆ. ಉಪ್ಪು ತುಂಬಿದ ಆ ತೊಡೆಗಳನ್ನು ಬೇಯಿಸುವ ಮುಂಚಿನ ಸಂಜೆ ತಣ್ಣೀರಿನ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಬೇಕು, ಬೆಳಿಗ್ಗೆ ಬಂದು ಆ ನೀರು ಚೆಲ್ಲಬೇಕು. ಸಂಜೆ ಐದಾದೊಡನೆ ಕಲ್ಮೇಶರು ಸ್ನಾನಕ್ಕೆ, ಲಿಂಗಪೂಜೆಗೆ ಮನೆಗೆ ಹೊರಡುತ್ತಿದ್ದರು. ವರ್ನಾ ತೊಟ್ಟಿ ತುಂಬುತ್ತಿದ್ದದ್ದು ಅವರು ಹೋದ ಮೇಲೆ, ನೀರು ಚೆಲ್ಲುತ್ತಿದ್ದದ್ದು ಅವರು ಬರುವ ಮುಂಚೆ. ಕಣ್ಣಾರೆ ಕಂಡದ್ದನ್ನಷ್ಟೇ ಬರೆದ ನೋಟ್‌ಬುಕ್ಕಿನಲ್ಲಿ ಅದು ಸೇರುವ ದಾರಿಯೇ ಇರಲಿಲ್ಲ.

ಎರಡು ವಾರದಲ್ಲಿ ತಟ್ಟೆಗಳು ಖಾಲಿ ಬರತೊಡಗಿದವು. ಆಸ್ಟಿನ್‌ನ ಮೇಷ್ಟ್ರು ಮರಳಿದರು. ನಾನು ಒಂದು ಬೆಳಿಗ್ಗೆ ಗಲ್ಲಾದ ಎದುರು ನಿಂತು ತಪ್ಪೊಪ್ಪಿಕೊಂಡೆ: "ಉಪ್ಪು ಅಂತ ನನಗೆ ಅವತ್ತೇ ಗೊತ್ತಿತ್ತು ಸಾರ್. ಹೇಳಲಿಲ್ಲ. ಕ್ಷಮಿಸಿ."

ಅವರು ಚಿಲ್ಲರೆ ಜೋಡಿಸುತ್ತಲೇ ನಕ್ಕರು. "ನೀವು ಚಲೋ ಐತಿ ಅಂದ್ರಿ, ನಿಮ್ಮ ತಟ್ಟಿ ಇಲ್ಲ ಅಂತು. ನಾ ತಟ್ಟಿ ಮಾತು ನಂಬಿದೆ. ಹೌದಿಲ್ಲೋ?"

ಮಲ್ಲವ್ವ ಮತ್ತೆ ಆ ಡೈನರಿಗೆ ಕಾಲಿಡಲಿಲ್ಲ. ಆಕೆ ಹಂದಿಯನ್ನು ಒಪ್ಪಿದರೆಂದು ನಾನು ಹೇಳಲಾರೆ. ಆದರೆ ಗದಗಿಗೆ ಮರಳಿದ ಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಮಗನ ಆರೋಗ್ಯಕ್ಕೂ ಮೊದಲು ಗಿರಾಕಿಗಳ ನೀರಿನ ಸುದ್ದಿ ಕೇಳುತ್ತಿದ್ದರಂತೆ. ರುಚಿ ಬಲ್ಲ ನಾನು ಬಾಯಿ ಮುಚ್ಚಿಕೊಂಡಿದ್ದೆ; ರುಚಿಯನ್ನೇ ಕಾಣದ ಇವರಿಬ್ಬರು, ತಮಗೆ ಸಲ್ಲದ ಅನ್ನವನ್ನು ಇನ್ನೊಬ್ಬರು ಅರ್ಧ ಬಿಟ್ಟು ಎದ್ದರೆಂದು ಸಂಕಟಪಟ್ಟರು. ಖಾನಾವಳಿ ನಡೆಸಲು ಹುಟ್ಟಿದ ಇಂಥವರನ್ನು ನಾನು ಮೈಸೂರಿನಲ್ಲಿ ಕಂಡಿಲ್ಲ, ಲೂಯಿಸ್‌ವಿಲ್‌ನಲ್ಲಿ ಕಂಡಿದ್ದೇನೆ. ಅವರ ಮಡಿ-ಮೈಲಿಗೆ ಏನಿದ್ದರೂ ತಮ್ಮ ಬಾಯಿಗೆ ಮಾತ್ರ; ಹಸಿದು ಬಂದು ಎದುರಿಗೆ ಕೂತವರು, ತಟ್ಟೆಯಲ್ಲಿ ಏನೇ ಇರಲಿ, ಅವರ ಮಂದಿ.