ಹತ್ತನೇ ನಂಬರಿನ ಬಣ್ಣ

"ನೋಡ್ಕೊಂಡು ಬನ್ನಿ, ಮೆಟ್ಟಿಲಿದೆ," ಅಂದಳು ತಂಗಿ.

ಅಕ್ಕ ಬಾಗಿಲ ಚೌಕಟ್ಟು ಹಿಡಿದು ಒಂದೊಂದೇ ಕಾಲು ಎತ್ತಿಟ್ಟಳು. ಮಂಡಿ ಕೈಕೊಟ್ಟ ಮೇಲೆ ಅವಳು ಊರಿನ ಮೆಟ್ಟಿಲುಗಳನ್ನೆಲ್ಲ ಎಣಿಸತೊಡಗಿದ್ದಳು. ತಂಗಿ ರಟ್ಟಿನ ಪೆಟ್ಟಿಗೆಯನ್ನು ಎದೆಗೊತ್ತಿ ತಂದು ಅಂಗಡಿಯ ಮೇಜಿನ ಮೇಲೆ ಇಳಿಸಿದಳು. ಒಳಗೆ ಅಕ್ಕನ ಹಳೆಯ ಹೋಮ್ ಕಂಪ್ಯೂಟರು, ಅದರ ಡ್ರೈವು, ಜಾಯ್‌ಸ್ಟಿಕ್ಕು, ಒಂದು ಕಟ್ಟು ಫ್ಲಾಪಿಗಳು. ಮುಂದಿನ ವಾರ ಅಕ್ಕ ಮೂರನೇ ಮಹಡಿಯಿಂದ ಕೆಳಗಿನ ಒಂದು ಕೋಣೆಗೆ ಇಳಿಯುವವಳಿದ್ದಳು. ಅಲ್ಲಿ ಮಂಚ ಹಾಕಿದರೆ ಮೇಜಿಗೆ ಜಾಗವಿರಲಿಲ್ಲ.

ಅಂಗಡಿಯ ಮೂರೂ ಗೋಡೆಗೆ ಹಳದಿಗಟ್ಟಿದ ಕೀಬೋರ್ಡುಗಳು, ಬೆನ್ನು ಉಬ್ಬಿದ ಮಾನಿಟರುಗಳು. ಇಂಥವನ್ನು ಕೊಂಡು, ರಿಪೇರಿ ಮಾಡಿ, ಮಾರಲು ಮನಸ್ಸಾಗದೆ ಇಟ್ಟುಕೊಳ್ಳುವುದು ಅಂಗಡಿಯವನ ಕಸುಬು. ಬೀದಿಯವರು ಅವನನ್ನು ಡಬ್ಬದಣ್ಣ ಅನ್ನುತ್ತಿದ್ದರು. ಅವನಿಗೆ ಬೇಜಾರಿರಲಿಲ್ಲ.

"ಕೂತ್ಕೊಳ್ಳಿ ನೀವು, ನಿಂತ್ಕೋಬೇಡಿ," ಅಂತ ತಂಗಿ ಅಕ್ಕನಿಗೆ ಸ್ಟೂಲು ಸರಿಸಿದಳು. "ಮಾತ್ರೆ ತಗೊಂಡ್ರಾ?"

"ತಗೊಂಡೆ ಕಣೇ."

"ನರ್ಸಮ್ಮ ಜೋರಿದಾರೆ," ಅಂದ ಡಬ್ಬದಣ್ಣ.

"ನರ್ಸಲ್ಲ, ನನ್ನ ತಂಗಿ. ಔಷಧಿ ಅಂಗಡಿ ಇಟ್ಟಿದಾಳೆ."

"ತಂಗೀನಾ? ನೀವು ತಾವು ಅಂತಿದ್ರಲ್ಲ, ಸಂಬಳಕ್ಕಿದಾರೆ ಅನ್ಕೊಂಡೆ."

ಅಕ್ಕ ನಕ್ಕಳು. ತಂಗಿ ಪೆಟ್ಟಿಗೆಯ ದಾರ ಬಿಚ್ಚುವುದರಲ್ಲಿ ಮಗ್ನಳಾದಳು. ಇಪ್ಪತ್ತೊಂಬತ್ತು ವರ್ಷಗಳಿಂದ ಅವಳು ಅಕ್ಕನಿಗೆ ನೀವು ಅನ್ನುತ್ತಿದ್ದಳು. ಮದುವೆಯಾದ ವರ್ಷ ಶುರುವಾದದ್ದು. ಅಕ್ಕನ ಜ್ವರಕ್ಕೆ ಓಡಿ ಬರುತ್ತಿದ್ದಳು, ಮಂಡಿಯ ಡಾಕ್ಟರನ್ನು ಹುಡುಕಿದ್ದೂ ಅವಳೇ. ಕರ್ತವ್ಯದಲ್ಲಿ ಯಾರೂ ಬೆರಳಿಟ್ಟು ತೋರಿಸುವಂತಿರಲಿಲ್ಲ. ಆದರೆ ಬಂದವಳು ಚಪ್ಪಲಿ ಬಿಟ್ಟು ಕಾಲು ಚಾಚಿ ಕೂತದ್ದಿಲ್ಲ. ಅಕ್ಕ ಒಮ್ಮೆಯೂ ಯಾಕೆಂದು ಕೇಳಿರಲಿಲ್ಲ. ಮದುವೆಯಾದ ಹೆಂಗಸು, ದೊಡ್ಡ ಮನೆ, ಅಲ್ಲಿಯ ರೀತಿ ಅಂದುಕೊಂಡಿದ್ದಳು. ತಂಗಿಗೆ ಅವಳು ಕೇಳದಿರುವುದೇ ಇನ್ನೊಂದು ತಪ್ಪಾಗಿ ಕಾಣುತ್ತಿತ್ತು.

ಡಬ್ಬದಣ್ಣ ಯಂತ್ರದ ಧೂಳು ಊದಿ, ಒಂದು ಮಾನಿಟರಿಗೆ ಜೋಡಿಸಿ, ಕೈಗೆ ಸಿಕ್ಕ ಫ್ಲಾಪಿ ತೂರಿಸಿದ. ಡ್ರೈವು ಕೆಮ್ಮಿತು, ಕೆರೆಯಿತು, ಆಮೇಲೆ ದಾರಿಗೆ ಬಂತು.

"ಜೀವ ಇದೆ ರೀ. ಒಳಗೆ ಏನೋ ಚಿತ್ರ ಇರೋ ಹಾಗಿದೆ."

ಪರದೆಯ ಮೇಲೆ ಒಂದು ಹುಡುಗಿಯ ಮುಖ ಬಂತು. ದುಂಡಗೆ, ತಿಳಿಗೆಂಪಾಗಿ. ಮೂಗು ಒಂದು ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು. ಮುಂಗೂದಲ ಒಂದು ಸುರುಳಿ ಹೇಳಿದ ಮಾತು ಕೇಳದೆ ಹಣೆಗೆ ಇಳಿದಿತ್ತು. ನಗುವ ಬಾಯಿಯ ಮುಂದಿನೆರಡು ಹಲ್ಲಿನ ನಡುವೆ ಒಂದೇ ಒಂದು ಕಪ್ಪು ಚುಕ್ಕೆಯ ಸಂದು. ಯಾರೋ ಈ ಮುಖವನ್ನು ತುಂಬ ಹೊತ್ತು, ತುಂಬ ಸಲ ನೋಡಿದ್ದರು.

"ಇದ್ಯಾವುದು?" ಅಂದಳು ತಂಗಿ.

"ಯಾವುದು ಅಂದ್ರೆ? ನೀನೇ. ಮದುವೆ ಆದ್ಮೇಲೆ ನಿಮ್ಮನೆಗೆ ಕಳಿಸಿದ್ನಲ್ಲ."

ಕಳಿಸಿದ್ದು ಇದಲ್ಲ. ಕಳಿಸಿದ್ದು ತಂಗಿಯ ಕಣ್ಣಿಗೆ ಕಟ್ಟಿದಂತಿತ್ತು. ಮದುವೆಯ ಮೂರನೇ ವಾರ, ಗಂಡನ ಮನೆಯ ಮುಂದಿನ ಕೋಣೆ. ಮೈದುನನ ಹತ್ತಿರವೂ ಒಂದು ಕಂಪ್ಯೂಟರಿತ್ತು, ಬೇರೆ ಜಾತಿಯದು. ಅವನ ಗೆಳೆಯನೊಬ್ಬ ಎರಡು ದಿನ ಒದ್ದಾಡಿ ಅಕ್ಕನ ಫ್ಲಾಪಿಯ ಚಿತ್ರವನ್ನು ಅದಕ್ಕೆ ಇಳಿಸಿಕೊಟ್ಟಿದ್ದ. ಹೊಸ ಸೊಸೆಯ ಅಕ್ಕ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿದ್ದಾಳಂತೆ ಅಂತ ಹನ್ನೆರಡು ಜನ ಕುರ್ಚಿ ಎಳೆದುಕೊಂಡು ಕೂತರು. ಪರದೆಗೆ ಬಂದದ್ದು ಮೊಳದುದ್ದದ ಹಸಿರು ಮುಖ, ಹಸಿರು ತುಟಿ, ನೀಲಿ ಹಲ್ಲು. ಅತ್ತೆ, "ಇದ್ಯಾವ ಕುದುರೆ?" ಅಂದರು. ಮನೆ ಬಿದ್ದುಹೋಗುವ ಹಾಗೆ ನಕ್ಕರು. ಚಿಕ್ಕಂದಿನಲ್ಲಿ ಜಗಳವಾದಾಗಲೆಲ್ಲ ಅಕ್ಕ ಅವಳನ್ನು ಕರೆಯುತ್ತಿದ್ದದ್ದು ಕುದುರೆಮೂತಿ ಅಂತಲೇ. ಆ ಮನೆಯಲ್ಲಿ ಅವಳು ನಾಲ್ಕು ವರ್ಷ ಹಸಿರು ಕುದುರೆಯಾಗಿದ್ದಳು.

ಆಮೇಲೆ ತಿದ್ದಿಟ್ಟುಕೊಂಡಿರಬೇಕು ಅಂದುಕೊಂಡಳು ತಂಗಿ. ತಿದ್ದಿದ್ದನ್ನು ನಂಬಿಯೂ ಬಿಟ್ಟಿರಬೇಕು.

"ಫೋನಿಗೆ ಹಾಕ್ಕೊಡ್ಲಾ ಅಮ್ಮಾ? ಯಂತ್ರ ಹೋದ್ರೂ ಚಿತ್ರ ಇರತ್ತೆ," ಅಂದ ಡಬ್ಬದಣ್ಣ. "ಸೀದಾ ಹೋಗಲ್ಲ. ಮೊದಲು ಆ ಬೂದು ಯಂತ್ರಕ್ಕೆ ಇಳಿಸ್ಬೇಕು. ಇವೆರಡರದ್ದು ಎಣ್ಣೆ ಸೀಗೆಕಾಯಿ ಸಂಬಂಧ. ನಾನು ಮಧ್ಯಸ್ಥಿಕೆ ಮಾಡ್ತೀನಿ."

ಅಕ್ಕ ತಂಗಿಯ ಮುಖ ನೋಡಿದಳು. "ಬೇಕೇನೇ?"

"ನಿಮ್ಮಿಷ್ಟ."

ಅವನು ಎರಡು ಯಂತ್ರಗಳ ನಡುವೆ ಕೇಬಲ್ ಎಳೆದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಹೊರಗೆ ಒಂದು ಲಾರಿ ಹಿಂದಕ್ಕೆ ಬರುತ್ತ ಕಿರುಚುತ್ತಿತ್ತು. ಆಮೇಲೆ ಬೂದು ಯಂತ್ರದ ಪರದೆಯಲ್ಲಿ ಚಿತ್ರ ಮೇಲಿನಿಂದ ಸಾಲು ಸಾಲಾಗಿ ಇಳಿಯಿತು. ಮೊದಲು ಕಪ್ಪು ಕೂದಲು. ಅದರ ಕೆಳಗೆ ಹಸಿರು ಹಣೆ. ಹಸಿರು ಕೆನ್ನೆ. ಮುಖ ಎರಡೂ ಕಡೆಯಿಂದ ಅಮುಕಿದಂತೆ ಸಪೂರವಾಗಿ ಕೆಳಗೆ, ಕೆಳಗೆ ಹೋಯಿತು. ಕೊನೆಗೆ ನೀಲಿ ಹಲ್ಲು ಬಂತು.

"ಥೋ, ಕುದುರೆ ಆಗೋಯ್ತಲ್ಲ," ಡಬ್ಬದಣ್ಣ ನಕ್ಕ. "ಅವಸರದಲ್ಲಿ ಹಾಗೇ ತಗೊಂಬಿಟ್ಟೆ. ಪ್ರತೀ ಸಲ ಇದೇ ಕತೆ."

ತಂಗಿ ಆ ಪರದೆಗೆ ಬೆರಳು ತೋರಿಸಿದಳು. "ಇದೇ," ಅಂದಳು.

"ಏನು ಇದೇ?" ಅಂದಳು ಅಕ್ಕ.

"ನಿಮ್ಮಿಂದ ಬಂದದ್ದು."

ಅಕ್ಕ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಾಗಿದಳು. ಒಮ್ಮೆ ಆ ಪರದೆ, ಒಮ್ಮೆ ಈ ಪರದೆ ನೋಡಿದಳು. ಅವಳು ಮೂವತ್ತು ವರ್ಷ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆದವಳು. ಗೆರೆ ತಪ್ಪಿದರೆ ತಪ್ಪಿದೆ ಅನ್ನುವವಳು. "ನಾನು ಇಂಥದ್ದು ಬಿಡಿಸಿಲ್ಲ," ಅಂದಳು.

"ಅವರು ಬಿಡಿಸಿದ್ದು ಸರಿಯಾಗೇ ಇದೆ ರೀ," ಅಂದ ಡಬ್ಬದಣ್ಣ, ಯಾರ ಪರವಾಗಿ ಮಾತಾಡುತ್ತಿದ್ದೇನೆಂದು ಗೊತ್ತಿಲ್ಲದೆ. "ಫೈಲಿನಲ್ಲಿ ಬಣ್ಣ ಇರಲ್ಲ, ಬಣ್ಣದ ನಂಬರ್ ಇರತ್ತೆ. ಇವರದ್ರಲ್ಲಿ ಹತ್ತು ಅಂದ್ರೆ ತಿಳಿಗೆಂಪು. ಬೂದು ಯಂತ್ರಕ್ಕೆ ಹತ್ತು ಅಂದ್ರೆ ಹಸಿರು. ಇಲ್ಲಿ ಒಂದು ಬಿಳಿ, ಅಲ್ಲಿ ನೀಲಿ. ಸಾಲದ್ದಕ್ಕೆ ಇವರ ಯಂತ್ರದ ಚುಕ್ಕೆ ಇಟ್ಟಿಗೆ ಥರ ಅಡ್ಡಡ್ಡ ಅಗಲ. ಅಲ್ಲಿ ಅಷ್ಟು ಅಗಲ ಇಲ್ಲ. ಅದಕ್ಕೇ ಮುಖ ಹಿಂಡಿದ ಹಾಗೆ ಆಗೋದು. ಗೊತ್ತಿಲ್ದೋರು ಇಳಿಸಿದ್ರೆ ದೇವತೆನೂ ದೆವ್ವಾನೇ."

ತಂಗಿ ಹಸಿರು ಮುಖದಿಂದ ಕಣ್ಣು ಕಿತ್ತು ಅಕ್ಕನ ಕಡೆ ತಿರುಗಿದಳು.

"ಹನ್ನೆರಡು ಜನ ಕೂತಿದ್ರು," ಅಂದಳು ತಂಗಿ. ಸ್ವರ ಏರಲಿಲ್ಲ. "ನಿಮಗೆ ಬರೆದಿದ್ದೆ."

"ಬರೆದಿದ್ದೆ. ಚಿತ್ರ ಬಂತು, ಎಲ್ಲರೂ ನೋಡಿ ನಕ್ಕರು ಅಂತ. ಎರಡೇ ಸಾಲು."

"ಮತ್ತೆ?"

"ಖುಷಿಯಾಗಿ ನಕ್ರು ಅನ್ಕೊಂಡೆ." ಅಕ್ಕ ಮಂಡಿಯ ಮೇಲೆ ಕೈಯಿಟ್ಟು ಸವರಿಕೊಂಡಳು. "ನಗ್ತಿರೋ ಮುಖ ಅಲ್ವಾ, ಅದನ್ನ ನೋಡಿ ಅವರೂ ನಕ್ಕಿರಬೇಕು ಅಂತ."

"ಅದಕ್ಕೇ ತಾನೆ ಮಾಡಿದ್ದು ಅಂತ ಉತ್ತರ ಬರೆದ್ಯಲ್ಲ."

"ಅದಕ್ಕೇ ಮಾಡಿದ್ದು ಕಣೇ. ಹೊಸ ಮನೆ, ಯಾರೂ ಗೊತ್ತಿಲ್ಲ. ನಿನ್ನ ನೋಡಿ ನಾಲ್ಕು ಜನ ನಗಲಿ, ಮಾತಾಡ್ಸಲಿ ಅಂತ."

ಡಬ್ಬದಣ್ಣ ಇಬ್ಬರನ್ನೂ ನೋಡಿ, ತನಗೆ ಸಂಬಂಧವಿಲ್ಲದ ಸ್ಕ್ರೂ ಒಂದನ್ನು ಬಿಗಿ ಮಾಡತೊಡಗಿದ.

"ಎಷ್ಟು ದಿನ ತಗೊಂಡೆ ಇದಕ್ಕೆ?" ತಂಗಿ ಕೇಳಿದಳು.

"ನಾಲ್ಕು ತಿಂಗಳು. ನಿನ್ನ ಮದುವೆ ಗೊತ್ತಾದಾಗಿಂದ, ಆಫೀಸಿಂದ ಬಂದ್ಮೇಲೆ. ಈ ಕೋಲು ತಿರುಗಿಸಿ ತಿರುಗಿಸಿ ಹೆಬ್ಬೆರಳು ಊದಿತ್ತು. ಮೂಗೇ ಹದಿನೈದು ದಿನ. ನೆಟ್ಟಗೆ ಮಾಡಿದ್ರೆ ನೀನಾಗ್ತಿರ್ಲಿಲ್ಲ."

"ಕೇಳಬಾರದಿತ್ತಾ ನನ್ನ? ಇವಳ್ಯಾಕೆ ಹೀಗಾದ್ಲು ಅಂತ?"

"ನೀನು ಹೇಳಬಾರದಿತ್ತಾ?"

ತಂಗಿ ಚಪ್ಪಲಿ ಕಳಚಿ, ಒಂದು ಖಾಲಿ ಮಾನಿಟರ್ ಪೆಟ್ಟಿಗೆಯ ಮೇಲೆ ಕೂತಳು. ಪೆಟ್ಟಿಗೆ ಸ್ವಲ್ಪ ಕುಸಿಯಿತು. ಅವಳು ಏಳಲಿಲ್ಲ.

ಡಬ್ಬದಣ್ಣ ಬೂದು ಯಂತ್ರದಲ್ಲಿ ನಂಬರುಗಳನ್ನು ಒಂದೊಂದಾಗಿ ಬದಲಿಸಿದ. ಹತ್ತಕ್ಕೆ ಅವನ ಹತ್ತಿರವಿದ್ದ ಬಣ್ಣಗಳಲ್ಲಿ ಹತ್ತಿರದ್ದು, ಒಂದಕ್ಕೆ ಬಿಳಿ, ಎರಡಕ್ಕೆ ಕೆಂಪು. ಪ್ರತಿ ಚುಕ್ಕೆಯ ಪಕ್ಕ ಅಂಥದ್ದೇ ಇನ್ನೊಂದು ಚುಕ್ಕೆ. ಮುಖ ಅಗಲವಾಯಿತು, ದುಂಡಗಾಯಿತು. "ಪೂರ್ತಿ ಅದೇ ಬಣ್ಣ ಬರಲ್ಲ, ಒಂಚೂರು ಜಾಸ್ತಿ ಕೆಂಪು," ಅಂದ ಸಂಕೋಚದಿಂದ. "ಯಾರ ಫೋನಿಗೆ ಕಳಿಸ್ಲಿ?"

"ನನ್ನದಕ್ಕೆ," ಅಂದಳು ತಂಗಿ. ನಂಬರು ಹೇಳಿದಳು. ಫೋನು ಗುಂಯ್ಗುಟ್ಟಿತು. ಅವಳು ತೆರೆದು ನೋಡಲಿಲ್ಲ. ಅಕ್ಕನ ಯಂತ್ರದ ಪರದೆಯನ್ನೇ ನೋಡುತ್ತಿದ್ದಳು.

"ಇಷ್ಟೊಂದು ಕೂದಲಿತ್ತಾ ನಂಗೆ?"

"ಇತ್ತು. ಬಾಚ್ಕೊಳ್ತಿರ್ಲಿಲ್ಲ ಅಷ್ಟೇ."

ಅಕ್ಕ ಜಾಯ್‌ಸ್ಟಿಕ್ಕನ್ನು ಎಳೆದುಕೊಂಡಳು. ಬೆರಳುಗಳು ಗಡುಸಾಗಿದ್ದವು, ಆದರೆ ಮರೆತಿರಲಿಲ್ಲ. ಪರದೆಯ ಮೇಲೆ ಸಣ್ಣದೊಂದು ಚೌಕ ಮಿಣುಕುತ್ತ ಹೊರಟು ಹುಡುಗಿಯ ಕಿವಿಯ ಮೇಲಿನ ಕೂದಲಿಗೆ ಬಂದು ನಿಂತಿತು. ಗುಂಡಿ ಒತ್ತಿದಳು. ಕಪ್ಪಿನ ನಡುವೆ ಒಂದು ಬಿಳಿ ಚುಕ್ಕೆ ಮೂಡಿತು.

"ಏನ್ ಮಾಡ್ತಿದೀಯ?"

"ಅಲ್ಲಾಡ್ಬೇಡ. ಈ ಕಡೆ ತಿರುಗು." ಅಕ್ಕ ಕನ್ನಡಕದ ಮೇಲಿನಿಂದ ಅವಳ ಕೆನ್ನೆಯ ಪಕ್ಕವನ್ನು ಅಳೆಯುವವಳ ಹಾಗೆ ನೋಡಿದಳು. "ನಿನ್ನ ಕನ್ನಡಕಾನೂ ಬಿಡಿಸ್ಲಾ?"

"ಬೇಡ. ಮೂಗಿಗೆ ಹದಿನೈದು ದಿನ ಅಂದ್ರೆ ಕನ್ನಡಕಕ್ಕೆ ತಿಂಗಳಾಗತ್ತೆ. ಇವರು ಅಂಗಡಿ ಮುಚ್ಚೋದು ಬೇಡ್ವಾ?"

"ನಂದೇನಿಲ್ಲ," ಅಂದ ಡಬ್ಬದಣ್ಣ.

"ಬಿಳಿ ಎಷ್ಟು ಹಾಕ್ಲಿ?"

"ಇದ್ದಷ್ಟು ಹಾಕು."

ಅಕ್ಕ ಎರಡನೆಯದು ಒತ್ತಿದಳು, ಮೂರನೆಯದು ಒತ್ತಿದಳು. ತಂಗಿ ಬಾಗಿಲ ಬೆಳಕಿನ ಕಡೆಗೆ ಸರಿದು, ಕಿವಿಯ ಹಿಂದೆ ಸಿಕ್ಕಿಸಿದ್ದ ನರೆತ ಕೂದಲನ್ನು ಬಿಡಿಸಿ ಮುಂದಕ್ಕೆ ಇಳಿಬಿಟ್ಟುಕೊಂಡಳು.